ಹಾರ್ನ್ ಹೊಡೀಬೇಡ ಕಣೇ

ಡ್ರೈವಿಂಗ್ ಪರೀಕ್ಷೆಗೆ ಕಾದು ಕೂತಿದ್ದೆ. ಪರದೇಶದ ಆ ಕೋಣೆಯಲ್ಲಿ ಪಕ್ಕದ ಬೆಂಚಿನಿಂದ ಕನ್ನಡ ಕೇಳಿಸಿ ಕಿವಿ ನೆಟ್ಟಗಾಯಿತು. ಗಂಡ-ಹೆಂಡತಿ, ಪರೀಕ್ಷೆ ಹೆಂಡತಿಯದು.

"ತಿರುವು ಬಂತು ಅಂತ ಹಾರ್ನ್ ಹೊಡೀಬೇಡ ಕಣೇ. ನಮ್ಮೂರಲ್ಲಿ ಹೊಡೀದಿದ್ರೆ ತಪ್ಪು, ಇಲ್ಲಿ ಹೊಡೆದ್ರೆ ಬೈದ ಹಾಗೆ."

"ಎರಡು ಸಲ ಅದಕ್ಕೇ ಫೇಲಾದೋರು ನೀವು. ಪಾಠ ನನಗಾ?"

"ಕೆಟ್ಟ ಮೇಲೆ ಬಂದ ಬುದ್ಧಿ. ಪುಕ್ಕಟೆ ಕೊಡ್ತಿದ್ದೀನಿ, ಇಟ್ಕೋ."

"ಈ ದೇಶಕ್ಕೆ ಬಂದಾಗಿಂದ ಮಕ್ಕಳು ಬಸ್ಸು ಹೋಗೋ ಜಾಗ ಬಿಟ್ಟು ಬೇರೇನೂ ನೋಡಿಲ್ಲ. ಪಾಸಾದ್ರೆ ನಾಳೆ ಸಮುದ್ರ ಅಂದಿದ್ದೀನಿ."

"ಆಗದಿದ್ರೆ?"

"ಮತ್ತೆ ಮನೆ ಮುಂದಿನ ಪಾರ್ಕು. ಅಲ್ಲಿರೋ ಬಾತುಕೋಳಿಗೂ ನಮ್ಮನ್ನ ನೋಡಿ ನೋಡಿ ಬೇಜಾರಾಗಿದೆ."

ಅಷ್ಟರಲ್ಲಿ ಅವಳನ್ನು ಕರೆದರು. ಆತ ಉಗುರು ಕಚ್ಚುತ್ತ ಕೂತ. ಬಹಳ ಹೊತ್ತಿನ ಮೇಲೆ ಹೊರಗೆ ಅಂಗಳದಲ್ಲಿ ಉದ್ದನೆಯ ಹಾರ್ನ್ ಕೇಳಿಸಿತು. ಇಡೀ ಕೋಣೆ ಬಾಗಿಲ ಕಡೆ ತಿರುಗಿತು.

"ಮುಗೀತು. ಬಾತುಕೋಳಿಯೇ ಗತಿ," ಎಂದು ಆತ ತಲೆಗೆ ಕೈ ಹೊತ್ತ.

ಅವಳು ಒಳಗೆ ಬಂದಳು.

"ಬಡ್ಕೊಂಡಿದ್ದೆ, ಆದ್ರೂ ಹೊಡೆದೇಬಿಟ್ಯಲ್ಲೇ."

"ಪಾಸು ಅಂತ ಹೇಳಿದ ಮೇಲೆ ಹೊಡೆದೆ, ನಿಮಗೆ ಕೇಳಿಸಲಿ ಅಂತ. ಏಳಿ. ನಾಳೆ ನಿಮಗೆ ಹಿಂದಿನ ಸೀಟು, ಮಕ್ಕಳ ಜೊತೆ."

ಆತ ಅವಳ ಬ್ಯಾಗು ಹೆಗಲಿಗೇರಿಸಿಕೊಂಡು ಹಿಂದೆಯೇ ಹೊರಟ.