ಯಾವ ಎಣ್ಣಿ?

ಹಲೋ… ಹಲೋ, ಯಾರು ಮಾತಾಡೋದು? ನಂಬರ ರೇಣುಕವ್ವಂದು ತೋರಸ್ತೈತಿ, ಉಸರು ಮಾತ್ರ ಕೋಣದ್ದು ಬರಾಕತ್ತೈತಿ. ಯಾರ್ರಿ?

…

ತೋಟಪ್ಪಾ? ಹಾಂ, ನಾನ ಲಾಡಸಾಬ. ಗಜೇಂದ್ರಗಡದಾಗ ಗಾದಿ ಹೊಲಿಯೋ ಲಾಡಸಾಬ ಇನ್ನೊಬ್ಬ ಎಲ್ಲಿ ಅದಾನಪಾ? ಹೆಂಡತಿ ಫೋನ್ ನಿನ್ನ ಕೈಯಾಗ ಯಾಕ? ಅದೇನ ಸಪ್ಪಳ? ಸಂಜಿ ಹೊತ್ತಿನಾಗ ಕಟಗಿ ಒಡಿಯಾಕತ್ತೀಯೇನು?

…

ಬಾಗಲಾ? ನಿಮ್ಮ ಮನಿ ಬಾಗಲಾ? ನಿನ್ನ ಬಾಗಲಾನ ನೀನ ಕೊಡ್ಲೀಲೆ ಕಡಿಯಾಕತ್ತೀಯಾ? ಇಡೀ ಕೊಣ್ಣೂರು ನೋಡಾಕತ್ತಿರಬೇಕಲ್ಲೋ… ಒಳಗ ಯಾರದಾರ?

…

ರೇಣುಕವ್ವ. ಮತ್ತ? … ಆಕಿ ತಮ್ಮ ಅನಿಲಕುಮಾರ. ನರಗುಂದದಾಗ ಕಾಳಿನ ಅಂಗಡ್ಯಾಗ ಇರತಾನಲ್ಲ, ಅಂವನಾ? ಹಾಂ. ಇಬ್ಬರೂ ಒಳಗಿಂದ ಅಗಳಿ ಹಾಕ್ಕೊಂಡಾರ. ಆಕಿ ಓಡೂ ಗಡಬಡದಾಗ ಫೋನ್ ಕಟ್ಟಿ ಮ್ಯಾಲ ಬಿಟ್ಟಾಳ. ಮತ್ತ, ಅನಿಲಕುಮಾರ ಹೊರಗ ಬಂದ್ರ ಏನ ಮಾಡಾಂವ ನೀನು?

…

ಎರಡ ಭಾಗ. ಉದ್ದಕೋ, ಅಡ್ಡಕೋ? … ನಗಾಕತ್ತಿಲ್ಲೋ, ಕೇಳಾಕತ್ತೀನಿ. ಮೊದಲ ಏನಾತು ಅದನ್ನ ಹೇಳು. ಬೈಗುಳ ಬಿಟ್ಟ ಹೇಳು, ಅರ್ಧ ಕಿವಿ ಬೈಗುಳಕ್ಕ ಖರ್ಚಾಗಾಕತ್ತೈತಿ.

…

ಹತ್ತಿ ಹೊಲದಿಂದ ಬಂದಿ. ಆಕಿ ಬಾಗಲದಾಗ ನಿಂತಿದ್ಳು. ಕಣ್ಣ ಯಾಕ ಕೆಂಪಾಗ್ಯಾವು, ಯಾಕ ಜೋಲಿ ಹೊಡೀತಿ ಅಂದ್ಳು. ನೀ ಏನಂದಿ?

…

ಏನಂದಿ? ಇನ್ನೊಮ್ಮೆ ಹೇಳು.

…

“ಮುಂಜಾನಿಂದ ಎಣ್ಣಿ ಹೊಡದು ಹೊಡದು ಸಾಕಾಗೇತಿ.” ಯಾ ಅಲ್ಲಾ! ತೋಟಪ್ಪಾ, ಕುಡಿಯೂದ ಬಿಟ್ಟ ಮ್ಯಾಲ ಇವನ ತಲಿ ತಿಳಿಯಾಗೇತಿ ಅಂತ ನರೇಗಲ್ಲದ ಕುಡಿತ ಬಿಡಸೋ ಶಿಬಿರದಾಗ ಎಲ್ಲಾರ ಮುಂದ ಹೇಳಿದ್ನೆಲ್ಲೋ ನಾನು! ಬೆಳಿಗೆ ಹೊಡಿಯೋ ಔಷಧಕ್ಕೂ ನಾವು ಎಣ್ಣಿ ಅಂತೀವಿ, ಅಂಗಡ್ಯಾಗ ನಿಂತು ಗಂಟಲಿಗೆ ಸುರುಕೊಳ್ಳೂದಕ್ಕೂ ಎಣ್ಣಿ ಅಂತೀವಿ. ಹೋದ ಉಗಾದಿಗೆ ಬಿಟ್ಟಂವ ನೀನು. ಅದಕ್ಕಿಂತ ಮೊದಲ ಎಷ್ಟ ಸಂಜಿ ಅದ ಬಾಗಲದಾಗ ಅದ ಜೋಲಿ ಹೊಡಕೋತ ನಿಂತೀದಿ? ಎಣ್ಣಿ ಹೊಡದ ಬಂದೆ ಅಂದ್ರ ಹತ್ತಿ ಹೊಲ ಯಾರಿಗೆ ನೆನಪಾಗತೈತಿ?

…

ಅನಿಲಕುಮಾರ ಒಳಗಿಂದ ಬಂದ. ಬಾರಕೋಲ ತಗೊಂಡ. ತಲಿಗಾ? … ರಕ್ತ ಕಣ್ಣಾಗ ಇಳಿಯಾಕತ್ತೈತಿ. ಹಾಂ. ನೀ ಏನ ಮಾಡಿದಿ? … ಔಷಧ ಹೊಡಿಯೋ ಪಂಪಿನ ಹಿತ್ತಾಳಿ ನಳಗೀಲೆ, ಅವನ ಬಾಯಿಗೆ. ಎಷ್ಟ ಹಲ್ಲ ಹೋದ್ವು? … ಎಣಿಸಿಲ್ಲ. ಇರಲಿ, ಅಂವ ಎಣಿಸ್ಕೊತಾನ.

…

ಖರೇ. ಖರೇ ಐತಿ ನೀ ಹೇಳೂದು. ಒಂದ ಹನಿ ಮುಟ್ಟಲಾರದ ಹೊಡಸ್ಕೊಂಡಿ. ಕುಡದಾಗ ಬಿದ್ದ ಏಟು ಮುಂಜಾನಿ ಅನ್ನೂದ್ರಾಗ ಮರ್ತ ಹೋಗತಿತ್ತು, ಈಗಿಂದು ಹೋಗೂದಿಲ್ಲ. ಬಿಟ್ಟಾವರ ಹಣೇಬರಾನ ಹಿಂಗ. ನಮ್ಮ ಮನ್ಯಾಕಿ ಮುಮತಾಜಬಿ ಈಗೂ ನಾ ಹೊರಗಿಂದ ಬಂದ ಕೂಡ್ಲೆ, ಸಲಾಮಿಗಿಂತ ಮೊದಲ ಬಾಯಿ ಮೂಸತಾಳ. ಒಮ್ಮೆ ಯಾಲಕ್ಕಿ ತಿಂದು ಬಂದಿದ್ನಿ. ಏನ ಮುಚ್ಚಾಕ ಯಾಲಕ್ಕಿ ಅಂತ ಗಾದಿಯ ಹತ್ತಿ ಅರಳಿ ಹಿಂಜೋ ಬಿಲ್ಲಿನಿಂದ ನನ್ನ ಬೆನ್ನ ಹಿಂಜಿದ್ಳು. … ಹೂಂ, ಇಲ್ಲೇ ಕುಂತಾಳ, ಕೇಳಾಕತ್ತಾಳ. ಕೇಳ್ಲಿ.

…

ಏನು? ಈಗ ಏನಂದಿ? … “ಕುಡದೀ ಅಂದ್ರಲ್ಲ, ಕುಡದ ತೋರಸ್ತೀನಿ.” ಎಣ್ಣಿ ಕೈಯಾಗ ಐತಿ ಅಂದ್ಯಾ?

…

ತಡಿ. ತೋಟಪ್ಪಾ, ತಡಿ. ಫೋನ್ ಒಂದು, ಕೊಡ್ಲಿ ಒಂದು, ಬಾಟ್ಲಿ ಒಂದು. ನಿನಗಿರೂವು ಎರಡ ಕೈ. ಲೆಕ್ಕ ಹ್ಯಾಂಗ ಕೂಡತೈತಿ? … ಫೋನ್ ಹೆಗಲಿಗೂ ಕಿವಿಗೂ ನಡುವ ಒತ್ತಿ ಹಿಡದಿ. ಶಾಣ್ಯಾ.

…

ಶಿಬಿರದಾಗ ಹೇಳಿದ್ದ ನೆನಪೈತೇನು? ಬೂಚ ತೆಗಿಯೂಕಿಂತ ಮೊದಲ ನಮ್ಮಂಥಾ ಒಬ್ಬಗ ಫೋನ್ ಹಚ್ಚಬೇಕು. ಹಚ್ಚೀದಿ. ಅರ್ಧ ಗೆದ್ದಿ. ನನಗೂ ಈ ಹೊತ್ತ ಬಂತಂದ್ರ ಕಾಲು ಅಂಗಡಿ ಕಡೆ ಎಳೀತಾವೋ. ಅದಕ್ಕ ಸಂಜಿಯಾದ ಕೂಡ್ಲೆ ಅರಳಿ ಹಿಂಜಾಕ ಕುಂದರತೀನಿ, ಗಿರಾಕಿ ಇರಲಿ ಬಿಡಲಿ. ಮನಿ ತುಂಬ ಗಾದಿ ಆಗ್ಯಾವು, ಮಲಗಾವರು ಇಬ್ಬರು. … ನಗು, ನಗು. ಈಗ ಹೇಳು, ನೀರ ಕೂಡಿಸೀಯೋ, ಹಂಗ ಐತೋ?

…

ಕೂಡಿಸೀದಿ. ಹಾಂ. … ಹಾಲಿನಂಗ ಬೆಳ್ಳಗ ಆತಾ?

…

ಯಾವ ಬ್ರಾಂಡಿನೋ ಅದು, ನೀರ ಹಾಕಿದ್ರ ಬೆಳ್ಳಗ ಆಗೂದು? … ತೋಟಪ್ಪಾ. ಬಾಟ್ಲಿ ಮ್ಯಾಲ ಏನ ಚಿತ್ರ ಐತಿ?

…

ಹುಳದ್ದು. ಬಾಜೂಕ ತಲಿಬುರಡಿ.

…

ಬ್ಯಾಡೋ! ಬಾಯಿ ಹಂತೇಕ ತರಬ್ಯಾಡ! ಇಷ್ಟೊತ್ತು ನಾನೂ ಬ್ರಾಂಡಿ ಅಂತನ ತಿಳದಿದ್ನೆಲ್ಲೋ! ಅನಿಲಕುಮಾರಗ ನಗಾಕತ್ತಿದ್ನಿ, ಅಂವ ಕೇಳಿದಂಗ ನಾನೂ ಕೇಳೀನಿ. ಕುಡದ್ಯೇನು? ತುಟಿಗೆ ಹತ್ತೈತೇನು? … ಇಲ್ಲ? ನಿಮ್ಮವ್ವನ ಆಣಿ ಮಾಡು. … ಮುಮತಾಜ, ಬಿಲ್ಲ ಬಿಡು, ನಿನ್ನ ಫೋನಿಂದ ಒನ್ನಾಟ್‌ಎಯ್ಟಿಗೆ ಹಚ್ಚು, ಕೊಣ್ಣೂರಿಗೆ ಗಾಡಿ ಕಳಸ್ರಿ ಅನ್ನು, ಹತ್ತಿ ಎಣ್ಣಿ ಅನ್ನು… ಅಲ್ಲ, ಎಣ್ಣಿ ಅನಬ್ಯಾಡ, ವಿಷಾ ಅನ್ನು, ವಿಷಾ!

…

ಸಾಯೂದು ಆಮ್ಯಾಲ, ಮೊದಲ ಸ್ಪೀಕರ್ ಒತ್ತು. ಬಾಗಲಾ ಕಡದು ಸೀಳ ಮಾಡೀದ್ಯಲ್ಲ, ಅದಕ್ಕ ಫೋನ್ ಹಿಡಿ. ಕೈ ಸಾಲವಲ್ವು ಅಂದ್ರ ಒಂದ ಕೆಳಗ ಇಡು. … ಠಣ್ ಅಂತು. ಕೊಡ್ಲಿ. ಬಾಟ್ಲಿ ಇಡಲಿಲ್ಲ ಅಲ್ಲೇನು? ಆತು, ಕೊಡ್ಲಿನರ ಇಟ್ಟಿ.

…

ರೇಣುಕವ್ವಾ! ನಾನು ಲಾಡಸಾಬ. ಕೇಳಸ್ತೈತೇನವಾ? ಅಂವ ಕುಡದಿಲ್ಲ. ಎಣ್ಣಿ ಹತ್ತಿಗೆ ಹೊಡದಾನ, ಗಂಟಲಿಗಲ್ಲ. … ಕಣ್ಣಾ? ಮಾರಿಗೆ ಬಟ್ಟಿ ಕಟ್ಟಲಾರದ ದಿನಾ ಪೂರ್ತಿ ಬಿಸಲಾಗ ಹೊಡದ್ರ ಕೆಂಪ ಆಗಲಾರದ ಹಸರ ಆಗ್ತಾವೇನು? ಈಗ ಕೇಳು. ಅವನ ಕೈಯಾಗ ಅದ ಬಾಟ್ಲಿ ಐತಿ. ಹತ್ತೀದು. ನೀವು ಕುಡದೀ ಅಂದ್ರಿ ಅಂತ ಕುಡೀತೀನಿ ಅನ್ನಾಕತ್ತಾನ.

…

ಯಾರು, ಅನಿಲಕುಮಾರನಾ? ನೀ ಮಾತಾಡಬ್ಯಾಡಪಾ, ಹಲ್ಲಿಲ್ಲದ ಬಾಯಿ, ಒಂದೂ ತಿಳಿಯೂದಿಲ್ಲ. ಕೈಯಾಗ ಏನೈತಿ? … ಒನಕಿ. ಕೆಳಗ ಇಡು. ಅಂವ ಕೊಡ್ಲಿ ಇಟ್ಟಾನ, ನೀ ಒನಕಿ ಇಡು.

…

ಏನಂದಿ ರೇಣುಕವ್ವ? ನಂಬಿಕಿ ಇಲ್ಲಾ? … ಬ್ಯಾಡ, ನಂಬಬ್ಯಾಡ. ಬಾಗಲಾ ತಗೀಬ್ಯಾಡ. ಆ ಸೀಳಿಗೆ ಮೂಗ ಹಚ್ಚು. ತೋಟಪ್ಪಾ, ನೀ ಬಾಯಿ ಹಚ್ಚು. ಉಸರ ಬಿಡು. ಬಿಡೋ, ಬೈಯಬ್ಯಾಡ, ಬರೇ ಉಸರು. ಆಕಿ ಮೂಸ್ಲಿ.

…

…

ಹಾಂ? ಜ್ವಾರಾಗಿ ಹೇಳವಾ. … ಉಳ್ಳಾಗಡ್ಡಿ. ಉಳ್ಳಾಗಡ್ಡಿ, ಸೇಂಗಾ ಹಿಂಡಿ. ಬ್ಯಾರೇ? … ಅಂಗಿ ಔಷಧ ನಾರತೈತಿ, ಬಾಯಾಗ ಬ್ಯಾರೇ ಏನೂ ಇಲ್ಲ. ನೀ ಕಟ್ಟಿದ ಬುತ್ತಿನ ಅಲ್ಲೇನು? … ಅಳೂದು ಆಮ್ಯಾಲ. ಬಾಟ್ಲಿ, ರೇಣುಕವ್ವಾ, ಬಾಟ್ಲಿ!

…

ಅಗಳಿ ಸಪ್ಪಳ ಬಂತು. ತಗದ್ಳಾ? … ಅಯ್ಯ, ಅದೇನ ಛಟ್ ಅಂತು? ಯಾರ ಯಾರಿಗೆ ಹೊಡದ್ರು? ಹಲೋ! … ಆಕಿನಾ? ತೋಟಪ್ಪನ ಕೆನ್ನಿಗಾ? ಅದ ಇರಲಿ, ಬಾಟ್ಲಿ ಎಲ್ಲೈತಿ?

…

ಕಸಗೊಂಡು ಅಂಗಳಕ್ಕ ಒಗದ್ಳು. ಒಡೀತು. … ಇನ್ನೊಂದ ಛಟ್ ಯಾರಿಗೆ? … ತಮ್ಮಗ. ಚಲೋ ಆತು, ಬಾಕಿ ಉಳೀಬಾರದು. ಕೇಳವಾ, ಆ ಅಂಗಿ ಬಿಚ್ಚಿಸು, ಸಾಬಾಣ ಹಚ್ಚಿ ಮೈ ತೊಳಿ, ಗಾಡಿ ಬರತೈತಿ, ದವಾಖಾನಿಗೆ ಕರಕೊಂಡ ಹೋಗು. ಇಬ್ಬರನ್ನೂ. ಒಂದ ಕಡೆ ಕುಂದರಸಬ್ಯಾಡ.

…

ತಡಿ, ತಡಿ. ಅನಿಲಕುಮಾರಗ ಏನ ತರಾಕ ಹೇಳಿದಿ ಈಗ? … “ಲಗೂ ಎಣ್ಣಿ ತಗೊಂಬಾ” ಅಂದ್ಯಲ್ಲ, ಯಾವ ಎಣ್ಣಿ? ತಂಗೀ, ನಿಮ್ಮ ಮನ್ಯಾಗ ಇನ್ನ ಮ್ಯಾಲ ಆ ಶಬ್ದ ಬರೇ ಹಂಗ ಅನಬ್ಯಾಡ್ರಿ, ಹಿಂದ ಮುಂದ ಹೆಸರ ಹಚ್ಚಿ ಅನ್ರಿ! ಯಾವ ಎಣ್ಣಿ?

…

ತಲಿಗೆ? ಒಡದ ತಲಿಗೆ? ಅರಿಷಿಣ ಕಲಸಿ… ಹೂಂ, ಯಾವುದ್ರಾಗ ಕಲಸಿ? … ಕೊಬ್… ಹಲೋ? ಕೊಬ್ಬರೀದಾ? ರೇಣುಕವ್ವಾ, ಕೊಬ್ಬರೀದ ಅಲ್ಲೇನು? ಹಲೋ… ಹಲೋ…