ಆರು ಗುಂಡಿ

...ಅಲ್ಲ ಅಕ್ಕ, ಮೂರು ಸಲ ಸುತ್ತಿ ಸುತ್ತಿ ಇದೇ ಬೀದಿಗೆ ಬಂದು ಬಿದ್ದೆ. ಚರ್ಚಿಗೆ ಯಾವ ಕಡೆ ಹೋಗಬೇಕು? ಭಾನುವಾರವೂ ಟೈಲರ್ ಅಂಗಡಿ ತೆಗೆದಿದ್ದೀರಿ, ನನ್ನ ಪುಣ್ಯ. ಹೊಲಿಗೆ ಮಿಷನ್ ನಿಲ್ಲಿಸಬೇಡಿ, ಕತ್ತು ತಿರುಗಿಸಿ ತೋರಿಸಿದರೂ ಸಾಕು. ಹಡಗು ಹತ್ತಿ, ಲಾರಿ ಹತ್ತಿ, ಒಮ್ಮೆ ಹಿಟ್ಟಿನ ಮೂಟೆ ಮೇಲೆ ಕೂತು ಹೋಗಿ ಊರೂರ ಚರ್ಚಿನಲ್ಲಿ ಪ್ರಸಂಗ ಮಾಡಿದವಳು ನಾನು, ಇಲ್ಲಿ ದಾರಿ ತಪ್ಪಿದೆ ಅಂದರೆ...

ಯಾಕೆ ನಗ್ತೀರ? ಹೆಂಗಸು ಪ್ರಸಂಗ ಮಾಡ್ತಾಳೆ ಅಂತಲಾ? ನಗಿ. ಸಭೆಯ ಹಿರಿಯರೂ ನಗ್ತಾರೆ, ಹತ್ತು ನಿಮಿಷಕ್ಕೆ ಗೊರಕೆ ಹೊಡೀತಾರೆ.

ಅದೇ ನನಗೆ ಉರಿಯೋದು. ಪ್ರಸಂಗ ಯಾತಕ್ಕೆ? ಬಂದು ಕೂತವರು ಎದ್ದು ಹೋಗುವಾಗ ಚೂರಾದರೂ ಬದಲಾಗಲಿ ಅಂತ ತಾನೇ? ನನಗೆ ಕಲಿಸಿದ್ದು ಮೂರು ಅಂಶ, ಮೂರೂ ಒಂದೇ ಅಕ್ಷರದಿಂದ ಶುರುವಾಗಬೇಕು, ಕೊನೆಗೆ ಕಣ್ಣೀರು. ಕರೆ, ಕರುಣೆ, ಕಿರೀಟ... ಹೇಳಿ ಹೇಳಿ ನಾಲಿಗೆ ಸವೆದಿದೆ. ಬಾಗಿಲಲ್ಲಿ ಕೈ ಕುಲುಕಿ 'ಚೆನ್ನಾಗಿತ್ತು' ಅಂತಾರೆ. ಏನು ಚೆನ್ನಾಗಿತ್ತು ಅಂದರೆ ಮುಖ ಮುಖ ನೋಡ್ತಾರೆ. ನೆನಪಿರೋದು ಉದಾಹರಣೆ ಒಂದೇ.

ನನ್ನದೊಂದು ಉದಾಹರಣೆ ಎಲ್ಲೂ ಸೋತಿಲ್ಲ. ಒಬ್ಬ ಹೆಂಗಸಿದ್ದಳು, ತಾಯಿ ಸತ್ತ ದಿನ ಒಂದು ಹನಿ ಅಳಲಿಲ್ಲ. ಬೈಬಲ್ಲಿನ ಕಲ್ಲೆದೆಯ ವಾಕ್ಯಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಅಡುಗೆಮನೆಯಲ್ಲಿ ನನ್ನೊಬ್ಬಳಿಗೇ ಹೇಳಿಕೊಂಡಿದ್ದಳು, ನಿಜ. ಅದಕ್ಕೇ ಹೆಸರು ತೆಗೆದೆ, ಊರು ತೆಗೆದೆ. ಗುಂಡಿ ಮಾತ್ರ ತೆಗೆಯಲಿಲ್ಲ. ತಾಯಿಗೆ ತೊಡಿಸುವ ಕೊನೆಯ ಅಂಗಿಗೆ ಒಣಗಣ್ಣಲ್ಲಿ ಕೂತು ಆರು ಗುಂಡಿ ಹೊಲಿದಳು ಅನ್ನೋದು... ವಿವರ ಇದ್ದರೆ ತಾನೇ ಮಾತಿಗೆ ಜೀವ? ಮೊದಲ ಸಲ ಹೇಳಿದ್ದು ಅವಳದೇ ಚರ್ಚಿನಲ್ಲಿ; ಆ ಅಂಗಿ ಕಂಡಿದ್ದ ಇಡೀ ಸಭೆ ಒಂದೇ ಬೆಂಚಿನ ಕಡೆ ತಿರುಗಿತು. ಇಷ್ಟು ವರ್ಷದಲ್ಲಿ ನನ್ನ ಪ್ರಸಂಗದಿಂದ ಬದಲಾದವಳು ಅವಳೊಬ್ಬಳೇ. ಚರ್ಚಿಗೆ ಬರೋದು ಬಿಟ್ಟಳು.

ಮಿಷನ್ ಯಾಕೆ ನಿಲ್ಲಿಸಿದಿರಿ?

ಅಕ್ಕ, ಬೈದಾದರೂ ಬಿಡಿ. ಹೀಗೆ ನೋಡಬೇಡಿ.

...ಸರಿ. ದಾರಿ ತಪ್ಪಿಲ್ಲ ನಾನು. ಚರ್ಚು ಎದುರಿಗೇ ಇದೆ, ಹನ್ನೊಂದು ವರ್ಷದ ಹಿಂದೆಯೂ ಅಲ್ಲೇ ಇತ್ತು. ನಿಮ್ಮ ಹೊಸ್ತಿಲು ಹತ್ತೋಕೆ ಧೈರ್ಯ ಸಾಲದೆ ಮೂರು ಸುತ್ತು ಹಾಕಿದೆ. ನೀವು ಆಗಲೇ ಗುರುತು ಹಿಡಿದಿದ್ದಿರಿ, ಅದಕ್ಕೇ ಆ ನಗು.

ಗಂಟೆ ಹೊಡೀತಿದೆ. ಇವತ್ತು ನನ್ನದೇ ಪ್ರಸಂಗ, ಅದೇ ವಾಕ್ಯ. ಅಲ್ಲಿಗೆ ಬನ್ನಿ ಅನ್ನೋಕೆ ನನಗೆ ಯಾವ ಬಾಯಿದೆ? ಅಲ್ಲಿ ಹೇಳುವುದು ಮೊದಲು ನಿಮಗೆ ಸಲ್ಲಬೇಕು, ಇಲ್ಲೇ ಕೇಳಿಬಿಡಿ.

'ಒಬ್ಬ ಹೆಂಗಸಿದ್ದಳು. ಗೆಳತಿ ನಂಬಿ ಹೇಳಿಕೊಂಡ ದುಃಖವನ್ನು ಊರೂರಿಗೆ ಹಂಚಿದಳು. ಮೇಲೆ ಅವಳನ್ನೇ ಕಲ್ಲೆದೆಯವಳು ಅಂದಳು. ಆ ಹೆಂಗಸು ನಾನು.'

ಈ ಸಲ ಹೆಸರು ತೆಗೆದಿಲ್ಲ, ಅಕ್ಕ.