ಪುಟ್ಟಮಾದಯ್ಯ ಮೇಷ್ಟ್ರ ನಶ್ಯದ ಡಬ್ಬಿ

ಎಲ್ಲರಿಗೂ ನಮಸ್ಕಾರ. ಮೇಷ್ಟ್ರ ಮಡದಿ ಸಾಕಮ್ಮನವರೇ, ಮಗಳು ವಿಮಲಾ, ಮನೆಯವರೆಲ್ಲರೇ — ನಿಮ್ಮ ದುಃಖದ ಮುಂದೆ ನಿಂತು ಮಾತಾಡುವ ಯೋಗ್ಯತೆ ನನಗೆಷ್ಟಿದೆಯೋ ಗೊತ್ತಿಲ್ಲ. ಯೋಗ ಸಮಿತಿಯ ಅಧ್ಯಕ್ಷರಾದ ಉಮಾಪತಿಯವರೇ, ಸದಸ್ಯರೇ. ಮತ್ತೆ, ಕುರ್ಚಿ ಬಿಟ್ಟು ಅಭ್ಯಾಸಬಲದಿಂದ ಚಾಪೆ ಹಾಸಿಕೊಂಡು ಕೂತಿರುವ ಬೆಳಗಿನ ಐದೂವರೆ ತರಗತಿಯ ಗೆಳೆಯರೇ.

ನಾನು ಶ್ರೀಕಂಠಯ್ಯ. ಪುಟ್ಟಮಾದಯ್ಯನವರು ವ್ಯಾಯಾಮದ ಮೇಷ್ಟ್ರಾಗಿದ್ದ ಪ್ರೌಢಶಾಲೆಯಲ್ಲೇ ಇಪ್ಪತ್ತನಾಲ್ಕು ವರ್ಷ ಗ್ರಂಥಪಾಲಕನಾಗಿದ್ದೆ. ಕೆಲಸದಲ್ಲಿದ್ದಾಗಲೇ ಅವರ ಶಿಷ್ಯನಾದೆ, ನಿವೃತ್ತನಾದ ಮೇಲೆ ಈ ಸಮಿತಿಯ ಸದಸ್ಯ. ನಾಲ್ಕು ಒಳ್ಳೆಯ ಮಾತು ಹೇಳಿ ಕೂತುಕೊಳ್ಳಿ ಎಂದು ನನಗೆ ಹೇಳಿದ್ದಾರೆ. ಒಳ್ಳೆಯ ಮಾತು ಹೇಳುತ್ತೇನೆ. ಅದಕ್ಕೂ ಮೊದಲು — ನನ್ನ ಹಿಂದೆ ಕಟ್ಟಿರುವ ಈ ಫ್ಲೆಕ್ಸನ್ನು ಒಮ್ಮೆ ಸರಿಯಾಗಿ ನೋಡಿ.

ನೋಡಿದಿರಾ? ಮೊಣಕೈ ಊರಿ, ಬೆನ್ನು ಬಿಲ್ಲಾಗಿಸಿ, ಪಾದ ತಂದು ತಲೆಯ ಮೇಲಿಟ್ಟಿರುವ ವೃಶ್ಚಿಕಾಸನ. ಮುಖ ನಮ್ಮ ಮೇಷ್ಟ್ರದ್ದು. ಮೈ ಯಾರದ್ದೋ. ಇಪ್ಪತ್ತೈದು ವರ್ಷದ ಯಾವನೋ ಪುಣ್ಯಾತ್ಮನ ಮೈಗೆ ಎಪ್ಪತ್ತಾರರ ಮೇಷ್ಟ್ರ ತಲೆ ಅಂಟಿಸಿದ್ದಾರೆ. ಕುತ್ತಿಗೆಯ ಹತ್ತಿರ ಬಣ್ಣವೂ ಕೂಡಿಲ್ಲ. ಮೇಷ್ಟ್ರ ಎಡ ಮೊಣಕಾಲು ಕಬಡ್ಡಿ ಅಂಕಣದಲ್ಲಿ ಹೋಗಿತ್ತು. ಅವರಿಗೆ ಪದ್ಮಾಸನವೂ ಆಗುತ್ತಿರಲಿಲ್ಲ. ಮೂವತ್ತೆರಡು ವರ್ಷ ಒಂದು ಕಾಲು ಚಾಚಿಕೊಂಡೇ ಕೂತು ಪಾಠ ಹೇಳಿದ ಮನುಷ್ಯ ಅವರು.

ಅಸಹ್ಯ. ಬದುಕೆಲ್ಲ ಪುಸ್ತಕಗಳ ನಡುವೆ ಕಳೆದವನು ನಾನು. ಇದಕ್ಕಿಂತ ಮೃದುವಾದ ಪದ ಹುಡುಕಿದೆ — ಸಿಗಲಿಲ್ಲ.

ಇನ್ನು ಪತ್ರಿಕೆಗೆ ಕೊಟ್ಟ ಹೇಳಿಕೆ. ಓದುತ್ತೇನೆ. "ಜೀವಮಾನದಲ್ಲಿ ಒಂದೇ ಒಂದು ಮಾತ್ರೆ ನುಂಗದ ಯೋಗಸಾಧಕ ಪುಟ್ಟಮಾದಯ್ಯನವರು ಯೋಗನಿದ್ರೆಯಲ್ಲೇ ದೇಹತ್ಯಾಗ ಮಾಡಿದರು."

ಸಾಕಮ್ಮನವರು ತಲೆ ತಗ್ಗಿಸಿದ್ದಾರೆ. ತಗ್ಗಿಸಬೇಡಿ ಅಮ್ಮ. ತಗ್ಗಿಸಬೇಕಾದವರು ಈ ಕಡೆ, ವೇದಿಕೆಯ ಮೇಲಿದ್ದೇವೆ.

ಅವರು ತೀರಿಕೊಂಡಿದ್ದು ದೊಡ್ಡಾಸ್ಪತ್ರೆಯ ಹೃದ್ರೋಗ ವಿಭಾಗದಲ್ಲಿ, ಸೋಮವಾರ ಮಧ್ಯಾಹ್ನ ಹನ್ನೆರಡೂವರೆಗೆ. ಹತ್ತೊಂಬತ್ತು ವರ್ಷದಿಂದ ರಕ್ತದೊತ್ತಡ ಇತ್ತು, ಹನ್ನೊಂದು ವರ್ಷದಿಂದ ಹೃದಯದ ತೊಂದರೆ ಇತ್ತು. ದಿನಕ್ಕೆ ನಾಲ್ಕು ಮಾತ್ರೆ. ಕೊನೆಯಲ್ಲಿ ಸಾಕಮ್ಮನವರನ್ನು ಕೇಳಿದ್ದು, "ಮೊಸರನ್ನ ತಂದಿದ್ಯೇನೆ?" ಎಂದು. ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ? ಮನುಷ್ಯ ಹಾಗೆ ಸಾಯಬಾರದೇ?

ಹಾಗಾದರೆ ಯೋಗದಿಂದ ಏನು ಬಂತು ಎಂದು ಹೊರಗೆ ಅರಳಿಕಟ್ಟೆಯ ಹತ್ತಿರ ಇಬ್ಬರು ಮಾತಾಡಿಕೊಳ್ಳುತ್ತಿದ್ದರು. "ಅಷ್ಟು ಯೋಗ ಮಾಡಿದ್ರೂ ಹಾರ್ಟೇ ಹೋಯ್ತಲ್ಲಪ್ಪಾ!" ಏನು ಬಂತು — ಹೇಳುತ್ತೇನೆ, ಕೇಳಿ.

ನನಗಾಗ ಐವತ್ತೆರಡು. ಪುಸ್ತಕ ಎತ್ತಿಳಿಸಿ ಸೊಂಟ ಹಿಡಿದಿತ್ತು. ಸಿಟ್ಟು ಮೂಗಿನ ತುದಿಯಲ್ಲಿ. ಒಂದು ದಿನ ಜವಾನನ ಮೇಲೆ ಪುಸ್ತಕದ ದಾಖಲೆ ವಹಿಯನ್ನೇ ಎತ್ತಿ ಎಸೆದೆ — ಈ ದಪ್ಪದ್ದು. ಬಾಗಿಲಲ್ಲಿ ಮಾದಯ್ಯ ನಿಂತಿದ್ದರು.

"ಏನ್ ಸಾರ್, ಪುಸ್ತಕ ಓದ್ಸೋದ್ ಬಿಟ್ಟು ಎಸೆಯೋಕ್ ಶುರು ಹಚ್ಕೊಂಡ್ರಾ? ನಾಳೆ ಐದೂವರೆಗೆ ಬನ್ನಿ. ಎಸೆಯೋ ಕೈಗೆ ಬೇರೆ ಕೆಲ್ಸ ಕೊಡ್ತೀನಿ."

ಹೋದೆ. ಕೈ ಮೇಲೆತ್ತು, ಉಸಿರು ತಗೋ. ಕೈ ಇಳಿಸು, ಉಸಿರು ಬಿಡು. ಮೂರು ತಿಂಗಳು ಇಷ್ಟೇ! ಪಕ್ಕದಲ್ಲಿ ಎಲ್ಲರೂ ತಲೆಕೆಳಗಾಗಿ ನಿಂತಿದ್ದಾರೆ. ನನಗೆ ಅವಮಾನ. "ಮೇಷ್ಟ್ರೇ, ನಂಗೂ ಶೀರ್ಷಾಸನ ಕೊಡಿ" ಎಂದೆ. ಈ ಊರಿನ ಹಳೆಯ ಯೋಗಶಾಲೆಗಳ ಕ್ರಮ ನಿಮಗೆ ಗೊತ್ತಲ್ಲ — ಮುಂದಿನ ಆಸನವನ್ನು ಗುರು ಕೊಡಬೇಕು, ನಾವಾಗಿ ತೆಗೆದುಕೊಳ್ಳುವಂತಿಲ್ಲ.

"ಕೇಳಿ ಈಸ್ಕಳಕ್ಕೆ ಇದೇನ್ ಸೊಸೈಟಿ ಸಕ್ರೆನಾ ಸಾರ್? ಉಸುರು ಬಿಡಕ್ಕೇ ಬರಲ್ಲ ನಿಮ್ಗೆ. ತಗೊಳೋದೊಂದೇ ಗೊತ್ತು. ಮೊದ್ಲು ಬಿಡೋದ್ ಕಲೀರಿ."

ಆರು ತಿಂಗಳಿಗೆ ಬಗ್ಗಿ ಕೆಳಗಿನ ಕಪಾಟಿನ ಪುಸ್ತಕ ತೆಗೆಯುವಂತಾದೆ. ನಿದ್ದೆ ಬಂತು — ಹಾಸಿಗೆಗೆ ಬಿದ್ದರೆ ಬೆಳಗಾಗುವಂಥ ನಿದ್ದೆ. ಸಿಟ್ಟು ಹೋಯಿತೇ? ಇಲ್ಲ, ಹೋಗಿದ್ದರೆ ಇವತ್ತು ಹೀಗೆ ಮಾತಾಡುತ್ತಿರಲಿಲ್ಲ. ಆದರೆ ಅದು ಬರುವುದು ದೂರದಿಂದಲೇ ಕಾಣತೊಡಗಿತು. ದೀರ್ಘವಾಗಿ ಒಂದು ಉಸಿರು ಬಿಡುವಷ್ಟು ಜಾಗ ನಡುವೆ ಸಿಕ್ಕಿತು. ಆ ಒಂದು ಉಸಿರಿನ ಜಾಗದಲ್ಲಿ ನನ್ನ ಸಂಸಾರ ಉಳಿದಿದೆ, ಸ್ವಾಮಿ.

ಇಲ್ಲೇ ಮುಂದಿನ ಸಾಲಿನಲ್ಲಿ ಪುಟ್ಟತಾಯಮ್ಮ ಕೂತಿದ್ದಾರೆ. ಮಾರುಕಟ್ಟೆಯಲ್ಲಿ ಹೂ ಕಟ್ಟುವವರು. ಗಂಡ ಸತ್ತಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ. ಹಾಕಲು ಬಿಡುವಿರಲಿಲ್ಲ. ಎದೆಯಲ್ಲಿ ಕಲ್ಲು ಕೂತ ಹಾಗೆ ಅನ್ನುತ್ತಿದ್ದರು. ತರಗತಿಗೆ ಸೇರಿದ ನಾಲ್ಕನೇ ತಿಂಗಳು, ಶವಾಸನದಲ್ಲಿ ಮಲಗಿದ್ದಾಗ, ಎರಡೂ ಕಣ್ಣಿಂದ ನೀರು ಇಳಿದು ಕಿವಿಗೆ ಹೋಯಿತು. ಅಕ್ಕಪಕ್ಕದ ಹೆಂಗಸರು ಸಮಾಧಾನ ಮಾಡಲು ಎದ್ದರು. ಮೇಷ್ಟ್ರು ಕೈ ಅಡ್ಡ ಹಿಡಿದರು — ಹೀಗೆ.

"ಬಿಡ್ರವ್ವ. ನೀರು ತಾನೇ, ಹರೀಲಿ. ನೀವು ನಿಮ್ ನಿಮ್ ಚಾಪೆ ಮೇಲೆ ಸತ್ತಿರಿ."

ಅಳುತ್ತಿದ್ದ ಪುಟ್ಟತಾಯಮ್ಮ ಮಲಗಿದಲ್ಲೇ ನಕ್ಕುಬಿಟ್ಟರು. ಯೋಗದಿಂದ ಏನು ಬಂತು ಎಂದು ಅರಳಿಕಟ್ಟೆಯವರು ಕೇಳಿದರಲ್ಲ — ಇದು ಬಂತು. ಬಗ್ಗುವ ಬೆನ್ನು ಬಂತು. ನಿದ್ದೆ ಬಂತು. ಅಳು ಬಂತು, ಅದರ ಹಿಂದೆಯೇ ನಗು ಬಂತು. ಇದಕ್ಕಿಂತ ಹೆಚ್ಚು ಕೊಡುತ್ತೇನೆ ಎಂದು ಮಾದಯ್ಯ ಒಂದು ದಿನವೂ ಹೇಳಲಿಲ್ಲ. ಹೇಳಿದವರು ಬೇರೆ.

ಈಗ ಡಬ್ಬಿಯ ವಿಷಯ. ಹಳಬರಿಗೆ ಗೊತ್ತು, ಹೊಸಬರಿಗೆ ಗೊತ್ತಿಲ್ಲ.

ಒಂಬತ್ತು ವರ್ಷದ ಹಿಂದೆ ಒಬ್ಬರು ಇಲ್ಲೇ, ಈ ಕಂಬದ ಹತ್ತಿರ, ಕಣ್ಣು ಕತ್ತಲೆ ಬಂದು ಕುಸಿದರು. ಮೇಷ್ಟ್ರು ನೀರು ಕುಡಿಸಿ ಕೇಳಿದರು, "ಬೆಳಗಿನ ಮಾತ್ರೆ ತಗೊಂಡ್ರಾ?"

"ಖಾಲಿ ಹೊಟ್ಟೇಲಿ ಬರ್ಬೇಕು ಅಂದಿದ್ರಲ್ಲ ಮೇಷ್ಟ್ರೇ. ಅದಕ್ಕೆ ಮಾತ್ರೇನೂ ಬಿಟ್ಟೆ."

ಖಾಲಿ ಹೊಟ್ಟೆ! ಯೋಗದವರೇ ಮಾಡಬಹುದಾದ ತಪ್ಪು ಇದು. ಐದೂವರೆಗೆ ಬರಬೇಕು, ಹೊಟ್ಟೆಯಲ್ಲಿ ಏನೂ ಇರಬಾರದು. ಮಾತ್ರೆ ಆಮೇಲೆ ಎಂದುಕೊಳ್ಳುವುದು, ಮನೆಗೆ ಹೋಗಿ ಮರೆಯುವುದು. ಹತ್ತು ದಿನ ಮರೆತು, ಏನೂ ಆಗಲಿಲ್ಲವಲ್ಲ ಎಂದು ಬಿಟ್ಟೇಬಿಡುವುದು. ಆಮೇಲೆ ಹೆಮ್ಮೆಯಿಂದ ಹೇಳಿಕೊಂಡು ತಿರುಗುವುದು. ಇನ್ನು ಯಾರು ಯಾರು ಹೀಗೆ ಮಾಡ್ತೀರಿ ಎಂದು ಮೇಷ್ಟ್ರು ಕೇಳಿದರು. ಮೂವತ್ತೊಂದು ಜನರಲ್ಲಿ ಹದಿನಾಲ್ಕು ಕೈ ಮೇಲೆದ್ದವು.

ಅವರ ಮುಖ ನೋಡಬೇಕಿತ್ತು. "ತಪ್ಪು ನಂದೇ ಕಣ್ರಪ್ಪ" ಎಂದರು.

ಮರುದಿನ ಶವಾಸನ ಮುಗಿದು ಎಲ್ಲರೂ ಎದ್ದು ಕೂತಾಗ, ಜುಬ್ಬದ ಜೇಬಿನಿಂದ ಅವರಪ್ಪನ ಹಿತ್ತಾಳೆ ನಶ್ಯದ ಡಬ್ಬಿ ತೆಗೆದರು. ಅದರೊಳಗೆ ಅವರ ಮಾತ್ರೆ. ಎಲ್ಲರ ಎದುರಿಗೆ ನುಂಗಿ, ನೀರು ಕುಡಿದು, ಬಾಯಿ ತೆರೆದು ತೋರಿಸಿದರು. "ನೋಡ್ಕೊಳಿ. ಆಸನ ಮಾಡೋದು ಈ ಮೈಗೆ, ಮಾತ್ರೆ ತಗೊಳೋದೂ ಈ ಮೈಗೇ. ಇವೆರಡೂ ಸವತೀರಲ್ಲ. ಒತ್ತಡದವರು ಈಗ್ಲೇ ತಗೊಳಿ, ಸಕ್ಕರೆಯವರು ಡಾಕ್ಟ್ರು ಹೇಳ್ದಂಗೆ ತಿಂಡಿ ಜೊತೆ. ನಾಳೆಯಿಂದ ಎಲ್ರೂ ತನ್ನಿ." ಅಂದಿನಿಂದ ದಿನವೂ, ಚಾಪೆ ಸುತ್ತುವ ಮೊದಲು, ಎರಡೇ ಮಾತು — "ಡಬ್ಬಿ ತೆಗೀರಿ." ಟಕ್ ಟಕ್ ಎಂದು ಇಪ್ಪತ್ತು ಡಬ್ಬಿ ತೆರೆದುಕೊಳ್ಳುತ್ತಿದ್ದವು. ಈ ಕೋಣೆಯ ಕೊನೆಯ ಆಸನ ಅದೇ ಆಗಿತ್ತು.

ಆರು ವರ್ಷ ನಡೆಯಿತು. ಆಮೇಲೆ ತರಗತಿಯ ವಿಡಿಯೋ ತೆಗೆಯುವ ಕಾಲ ಬಂತು. ಪರದೇಶದ ಅತಿಥಿಗಳು ಬಂದರು. ಉಮಾಪತಿಯವರೇ, ನೀವು ಆಡಿದ ಮಾತು ನೆನಪಿದೆಯೇ? ನನಗಿದೆ. ನನ್ನ ದೊಡ್ಡ ಕಾಯಿಲೆಯೇ ಅದು, ನೆನಪು.

"ಮೇಷ್ಟ್ರೇ, ಯೋಗಕೇಂದ್ರದಲ್ಲಿ ಎಲ್ರೂ ಸಾಲಾಗಿ ಮಾತ್ರೆ ನುಂಗಿದ್ರೆ ಏನ್ ಚೆನ್ನಾಗಿರುತ್ತೆ? ಮದ್ವೆ ಮನೆ ಪಂಕ್ತೀಲಿ ಕೂತು ಮನೆಯಿಂದ ತಂದ ಬುತ್ತಿ ಬಿಚ್ಚಿದಂಗಿರುತ್ತೆ!"

"ನಾನೂ ನುಂಗ್ತೀನಲ್ಲ ಸ್ವಾಮಿ?"

"ನೀವು ಒಳಗ್ ಹೋಗಿ ನುಂಗಿ. ಯಾರ್ ಬೇಡ ಅಂದ್ರು?"

ಮಾದಯ್ಯ ಒಳಗೆ ಹೋದರು. ಜಗಳ ಬೇಡ ಎನ್ನುವ ಮನುಷ್ಯ. ಆ ವಾರವೇ ಕರಪತ್ರ ಬಂತು — "ಮಾತ್ರೆಗೆ ವಿದಾಯ, ಯೋಗಕ್ಕೆ ಸ್ವಾಗತ." ಮೇಲೆ ಮಾದಯ್ಯನವರದೇ ಪಟ. ಅವರಿಗೆ ತೋರಿಸಲೂ ಇಲ್ಲ. ಅಚ್ಚಿಗೆ ಹೋಗುವ ಮೊದಲು ಅದನ್ನು ಯಾರಿಗೆ ತೋರಿಸಿದರು ಗೊತ್ತೇ? ನನಗೆ. ಸಮಿತಿಯಲ್ಲಿ ಓದಿದವನು ನಾನಲ್ಲವೇ! ಕೂತು ತಪ್ಪು ತಿದ್ದಿದೆ. ಎರಡು ಕಡೆ ಅಲ್ಪಪ್ರಾಣ ಮಹಾಪ್ರಾಣ ಸರಿಮಾಡಿದೆ. ಸುಳ್ಳನ್ನು ಹಾಗೇ ಬಿಟ್ಟೆ. ಹೋಗಲಿ, ನಾಲ್ಕು ಜನ ಹೆಚ್ಚಿಗೆ ಬರುತ್ತಾರೆ ಎಂದುಕೊಂಡೆ.

ಈ ಫ್ಲೆಕ್ಸ್ ನೋಡಿ ಆಗುವ ಅಸಹ್ಯಕ್ಕಿಂತ ಹೆಚ್ಚಿನದು ಬೆಳಿಗ್ಗೆ ಕನ್ನಡಿಯಲ್ಲಿ ನನ್ನನ್ನು ನೋಡಿಕೊಂಡಾಗ ಆಗುತ್ತದೆ.

ಪುಟ್ಟತಾಯಮ್ಮ ಆ ಕರಪತ್ರವನ್ನು ಯಾರಿಂದಲೋ ಓದಿಸಿ ಕೇಳಿಸಿಕೊಂಡರು. ಮೇಷ್ಟ್ರೂ ಡಬ್ಬಿ ತೆಗೆಯುತ್ತಿಲ್ಲ, ಅವರೂ ಬಿಟ್ಟಿರಬೇಕು ಎಂದುಕೊಂಡು ತಮ್ಮ ರಕ್ತದೊತ್ತಡದ ಮಾತ್ರೆ ಬಿಟ್ಟರು. ಐದನೇ ತಿಂಗಳು ಅಂಗಡಿಯಲ್ಲಿ ಹೂ ಕಟ್ಟುತ್ತಾ ಕಟ್ಟುತ್ತಾ ಬಲಗೈ ನಿಂತುಹೋಯಿತು. ಬಾಯಿ ಓರೆಯಾಯಿತು. ಲಕ್ವ.

ಮಾದಯ್ಯ ಮಂಕಾಗಿ ಹೋದರು. ಆದರೆ ಕೈಕಟ್ಟಿ ಕೂರಲಿಲ್ಲ. ಆಸ್ಪತ್ರೆಯವರು ಹೇಳಿಕೊಟ್ಟ ವ್ಯಾಯಾಮದ ಜೊತೆಗೆ, ದಿನವೂ ಮಧ್ಯಾಹ್ನ ಅವರ ಮನೆಗೆ ಹೋಗಿ ಒಂದೊಂದೇ ಬೆರಳು ಹಿಡಿದು ಮಡಿಸಿದರು, ಬಿಡಿಸಿದರು. ಉಸಿರಿನ ಜೊತೆ ಮಡಿಸು, ಉಸಿರಿನ ಜೊತೆ ಬಿಡಿಸು. "ಈ ಬೆರಳು ನಂದಲ್ಲ ಬಿಡಿ ಮೇಷ್ಟ್ರೇ" ಎಂದು ಆಕೆ ಬೈದರೆ, "ನಿಂದಲ್ದೆ ಏನ್ ನಮ್ಮಪ್ಪಂದಾ? ಮಡಚವ್ವ!" ಎನ್ನುತ್ತಿದ್ದರು. ಏಳು ತಿಂಗಳು! ಈಗ ದಾರ ಹಿಡಿಯುತ್ತಾರೆ.

ಈ ಮೇಜಿನ ಮೇಲಿಟ್ಟಿರುವ ಮೇಷ್ಟ್ರ ಪಟದ ಹಾರ ನೋಡಿ. ಅದಲ್ಲ — ಸಮಿತಿ ತರಿಸಿದ ಆ ಬುಟ್ಟಿ ಗಾತ್ರದ ಹಾರ ಅಲ್ಲ. ವಿಮಲಾ, ಅದನ್ನು ತೆಗೆಯಮ್ಮ. ಹಾಂ, ತೆಗೆದು ಪಕ್ಕಕ್ಕಿಡು. ಅದರ ಅಡಿಯಲ್ಲಿ ಮುಚ್ಚಿಹೋಗಿದೆಯಲ್ಲ — ಸಡಿಲ, ಅಲ್ಲಲ್ಲಿ ಬರೀ ದಾರ, ಒಂದು ಕಡೆ ಮೂರು ಹೂ, ಒಂದು ಕಡೆ ಒಂದೇ — ಆ ಮಲ್ಲಿಗೆ ಹಾರ. ಪುಟ್ಟತಾಯಮ್ಮ ಎರಡು ದಿನ ಕೂತು ಕಟ್ಟಿದ್ದು. ನಮ್ಮ ಮೇಷ್ಟ್ರ ಸಾಧನೆಗೆ ಪಟ ಬೇಕಿದ್ದರೆ ಅದನ್ನು ಫ್ಲೆಕ್ಸ್ ಮಾಡಿಸಬೇಕಿತ್ತು, ಉಮಾಪತಿಯವರೇ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. "ಸಮಯ" ಎಂದಿದೆ. ಹೌದು, ಸಮಯವೇ. ಅದಕ್ಕೇ ಅವಸರದಲ್ಲಿ ಇದ್ದೇನೆ.

ಆಸ್ಪತ್ರೆಯಲ್ಲಿ ಭಾನುವಾರ ಮೇಷ್ಟ್ರು ನನ್ನ ಕೈ ಹಿಡಿದುಕೊಂಡು ಹೇಳಿದರು: "ಶ್ರೀಕಂಠಯ್ಯ, ನಾನು ಒಳಗ್ ಹೋಗಿ ನುಂಗಿದ್ದು ತಪ್ಪಾಯ್ತು. ನಾನು ಎಲ್ರ ಮುಂದೆ ನುಂಗಿದ್ರೆ ಆವಮ್ಮ ಬಿಡ್ತಿರ್ಲಿಲ್ಲ. ಇನ್ನೂ ಒಂಬತ್ತು ಜನ ಬಿಟ್ಟವ್ರೆ, ನಂಗ್ ಗೊತ್ತು. ನಾನಿಲ್ದೇ ಇದ್ರೆ ಸಭೆ ಗಿಭೆ ಮಾಡ್ತಾರೆ. ಎಲ್ರೂ ಒಂದ್ ಕಡೆ ಸಿಗ್ತಾರೆ. ಹೇಳ್ಬಿಡಿ."

ಹೇಳುತ್ತಿದ್ದೇನೆ. ಆ ಒಂಬತ್ತು ಜನ ಇಲ್ಲೇ ಇದ್ದೀರಿ. ಹೆಸರು ಓದುವುದಿಲ್ಲ. ನಿಮ್ಮ ಗುರು ಮಾತ್ರೆ ಬಿಟ್ಟಿರಲಿಲ್ಲ. ಬಿಟ್ಟರು ಎಂದು ಹೇಳಿದವರು ನಾವು; ನಾವು ಸುಳ್ಳು ಹೇಳಿದೆವು. ಆರೋಗ್ಯ ಕೇಂದ್ರದ ಸಿಸ್ಟರ್ ಬಾಗಿಲ ಬಳಿ ಮೇಜು ಹಾಕಿಕೊಂಡು ಕೂತಿದ್ದಾರೆ. ಬಿಟ್ಟವರು ಹಳೆಯ ಮಾತ್ರೆ ಹುಡುಕಿ ನುಂಗಲು ಹೋಗಬೇಡಿ. ಉಪ್ಪಿಟ್ಟಿಗೆ ಹೋಗುವ ಮೊದಲು ರಕ್ತದೊತ್ತಡ ನೋಡಲು ಅವರ ಮುಂದೆ ತೋಳು ಚಾಚಿ, ಅವರು ಕಳಿಸಿದ ಡಾಕ್ಟರ ಹತ್ತಿರ ಇವತ್ತೇ ಹೋಗಿ. ನಾಳೆ ಐದೂವರೆಗೆ ಇಲ್ಲಿಗೆ ಬನ್ನಿ. ಕೈ ಮೇಲೆತ್ತಿಸುವುದು ನನಗೂ ಬರುತ್ತದೆ.

ಈಗ ಎಲ್ಲರೂ ಎದ್ದು ನಿಲ್ಲೋಣ. ಆಗದವರು ಕೂತೇ ಇರಿ, ಮೇಷ್ಟ್ರು ಒಂದಿನವೂ ಒತ್ತಾಯ ಮಾಡಿದವರಲ್ಲ. ಕಾಲು ಒಂದು ಗೇಣು ಅಗಲ. ಮೊಣಕಾಲು ಬಿಗಿಯಬೇಡಿ. ಹೆಗಲು ಕೆಳಗೆ. ಕಣ್ಣು ಮುಚ್ಚಿ. ತೆಗೆದುಕೊಂಡದ್ದಕ್ಕಿಂತ ಉದ್ದವಾಗಿ ಉಸಿರು ಬಿಡಿ. ಅಳು ಬಂದರೆ ಬರಲಿ, ಯಾರೂ ಸಮಾಧಾನ ಮಾಡಬೇಡಿ.

ಒಂದು ನಿಮಿಷ. ಮುಗಿಯಿತು ಎಂದು ನಾನು ಹೇಳುವುದಿಲ್ಲ. ಸಾಕಮ್ಮನವರ ಮುಷ್ಟಿಯಲ್ಲಿ ಆ ನಶ್ಯದ ಡಬ್ಬಿ ಇದೆ. ನಿಮಿಷ ಕಳೆದ ಮೇಲೆ ಅವರು ಅದನ್ನು ತೆರೆಯುತ್ತಾರೆ — ಟಕ್ ಎಂದು ಸದ್ದು ಕೇಳುತ್ತದೆ. ಕೇಳಿದ ಕೂಡಲೇ, ತಂದಿರುವವರು, ಎಲ್ಲರ ಎದುರಿಗೆ, ನಿಮ್ಮ ನಿಮ್ಮ ಡಬ್ಬಿ ತೆಗೀರಿ.